ಕಿಡಿಗೇಡಿ ಅಂದರೆ ಯಾರು?

"ಯಾರೋ ಕಿಡಿಗೇಡಿಗಳು ಬಸ್ಸಿಗೆ ಕಲ್ಲು ತೂರಿದ್ದಾರೆ." ಕನ್ನಡ ಪೇಪರ್ ಓದುವವರಿಗೆ ಈ ವಾಕ್ಯ ಹೊಸದೇನಲ್ಲ. ಊರು ಬದಲಾಗುತ್ತದೆ. ಬಸ್ಸಿನ ಜಾಗದಲ್ಲಿ ಶಾಲೆಯ ಕಿಟಕಿ ಬರುತ್ತದೆ, ಕಲ್ಲಿನ ಜಾಗದಲ್ಲಿ ಬೆಂಕಿ ಬರುತ್ತದೆ. ಕಿಡಿಗೇಡಿ ಮಾತ್ರ ಇದ್ದಲ್ಲೇ ಇರುತ್ತಾನೆ. ಅವನಿಗೆ ಹೆಸರಿಲ್ಲ, ವಯಸ್ಸಿಲ್ಲ, ವಿಳಾಸವಿಲ್ಲ. ಯಾಕೆ ಮಾಡಿದ ಅನ್ನೋದೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಒಡೆದ ಗಾಜು ಬಿಟ್ಟು ಹೋಗಿರುತ್ತಾನೆ, ಅಷ್ಟೇ.

ಕಾಟ ಕೊಡುವವರನ್ನು ಕರೆಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಪುಂಡ, ಪೋಕರಿ, ಪೋಲಿ, ರೌಡಿ, ಗೂಂಡಾ, ತಂಟೆಕೋರ, ದುಷ್ಕರ್ಮಿ, ಉತ್ತರ ಕರ್ನಾಟಕದ ಉಡಾಳ. ಇಷ್ಟೆಲ್ಲ ಇದ್ದರೂ ಕಿಡಿಗೇಡಿ ಮಾಡುವ ಕೆಲಸವನ್ನು ಬೇರೆ ಯಾವುದೂ ಸರಿಯಾಗಿ ಮಾಡುವುದಿಲ್ಲ. ಮಾಡಿದವರು ಯಾರು ಅಂತ ಗೊತ್ತಿಲ್ಲ, ಆದರೆ ಬೇಕಂತಲೇ ಮಾಡಿದ್ದಾರೆ ಅಂತ ಹೇಳಬೇಕು. ಆಗ ನಾಲಿಗೆಗೆ ಬರುವ ಪದ ಇದು. "ಗೊತ್ತಿಲ್ಲ" ಮತ್ತು "ಬೇಕಂತಲೇ", ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಅದರ ಅನುಕೂಲವೂ ಅದೇ, ತೊಂದರೆಯೂ ಅದೇ.

ಕಿಡಿ ಮತ್ತು ಕೇಡು

ಪದವನ್ನು ಬಿಡಿಸಿದರೆ ಕಿಡಿ, ಕೇಡಿ ಎಂದು ಎರಡು ತುಂಡು ಸಿಗುತ್ತವೆ. ಮಳೆ, ಕಾಲ ಸೇರಿ ಮಳೆಗಾಲ ಆದಂತೆ ಇಲ್ಲೂ ಕಕಾರ ಗಕಾರವಾಗಿದೆ. ಶಾಲೆಯಲ್ಲಿ ಬೆಟ್ಟದಾವರೆ, ಕಂಬನಿ ಅಂತ ಬಾಯಿಪಾಠ ಮಾಡಿಸುತ್ತಿದ್ದ ಆದೇಶ ಸಂಧಿ ಇದೇ. ಕೇಡಿ ಹುಟ್ಟಿದ್ದು ಕೇಡು ಎಂಬುದರಿಂದ. ಕೇಡು ಹುಟ್ಟಿದ್ದು ಕೆಡು ಎಂಬ ಕ್ರಿಯಾಪದದ ಸ್ವರ ಉದ್ದವಾಗಿ. ಪಡುವುದರಿಂದ ಪಾಡು, ಬಿಡುವುದರಿಂದ ಬೀಡು, ಇಡುವುದರಿಂದ ಈಡು ಬಂದ ದಾರಿಯೇ ಇದು. ಹಾಗಾಗಿ ಪದ ಮೂಲೆ ಮೂಲೆಯೂ ಅಚ್ಚಗನ್ನಡ. ರೌಡಿ, ಗೂಂಡಾಗಳ ಹಾಗೆ ಹೊರಗಿನಿಂದ ಬಂದದ್ದಲ್ಲ.

ಕನ್ನಡದಲ್ಲಿ ಗೇಡಿಗಳ ಒಂದು ದೊಡ್ಡ ಮನೆತನವೇ ಇದೆ. ಮಾನಗೇಡಿ, ಲಜ್ಜೆಗೇಡಿ, ಬುದ್ಧಿಗೇಡಿ, ಹೊಣೆಗೇಡಿ, ವಿವೇಕಗೇಡಿ. ಇವನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಮಾನಗೇಡಿ ಅಂದರೆ ಮಾನ ಕಳೆದುಕೊಂಡವನು. ಬುದ್ಧಿಗೇಡಿ ಅಂದರೆ ಬುದ್ಧಿ ಕೆಟ್ಟವನು. ಹೊಣೆಗೇಡಿಗೆ ಹೊಣೆಯ ಅರಿವಿಲ್ಲ. ಎಲ್ಲ ಕಡೆಯೂ ಮೊದಲ ತುಂಡು ಒಳ್ಳೆಯ ವಸ್ತು, ಅದು ಆ ಮನುಷ್ಯನಲ್ಲಿ ಹಾಳಾಗಿದೆ. ಈಗ ಕಿಡಿಗೇಡಿಗೆ ಬನ್ನಿ. ಕಿಡಿ ಕಳೆದುಕೊಂಡವನು ಅಂತಲೋ? ಅಲ್ವಲ್ಲ. ಇಲ್ಲಿ ಕಿಡಿ ಅವನ ಕೈಯಲ್ಲೇ ಇದೆ, ಕೆಡುವುದು ಬೇರೆಯವರದ್ದು. ಸಾಲಿನಲ್ಲಿ ಒಂದೇ ಥರ ನಿಂತಿದ್ದರೂ ಕಿಡಿಗೇಡಿ ಮಾತ್ರ ಹೊರಕ್ಕೆ ಮುಖ ಮಾಡಿದ್ದಾನೆ. ಇವೆರಡರ ನಡುವೆ ನಿಲ್ಲುವವನು ಕುಲಗೇಡಿ: ತಾನೂ ಕೆಟ್ಟು ಕುಲವನ್ನೂ ಕೆಡಿಸಿದವನು.

ಹಳಗನ್ನಡ ಓದಿದವರಿಗೆ ಇನ್ನೊಂದು ಸದ್ದೂ ಕೇಳಿಸುತ್ತದೆ. ಹಳಗನ್ನಡದಲ್ಲಿ ಕೆಡು ಎನ್ನುವುದಕ್ಕೆ ಕಿಡು, ಕೆಡಿಸು ಎನ್ನುವುದಕ್ಕೆ ಕಿಡಿಸು ಎಂಬ ರೂಪಗಳಿವೆ. ಹಾಗೆ ಓದಿದರೆ ಪದದ ಎರಡೂ ತುದಿಯಲ್ಲಿ ಕೆಡುಕೇ ಕಾಣುತ್ತದೆ. ಆದರೆ ಇವತ್ತು ಪದ ಕೇಳಿದ ಕೂಡಲೇ ನಮ್ಮ ತಲೆಗೆ ಬರುವುದು ಬೆಂಕಿಯ ಕಿಡಿ. ಅರ್ಥ ನಿಂತಿರುವುದೂ ಅದರ ಮೇಲೆಯೇ. ಕಿಡಿ ಎಷ್ಟು ಸಣ್ಣದು, ಅದರಿಂದಾಗುವ ನಷ್ಟ ಎಷ್ಟು ದೊಡ್ಡದು! ಒಂದು ಬೆಂಕಿಕಡ್ಡಿಗೆ ವರ್ಷವಿಡೀ ಕೂಡಿಟ್ಟ ಮೇವು ಬೂದಿ. ಒಂದು ಕತ್ತಿಯ ಏಟಿಗೆ ಫಲಕ್ಕೆ ಬಂದ ಗಿಡ ನೆಲಕ್ಕೆ. ಮಾಡಿದ ಕೆಲಸಕ್ಕೂ ಆದ ನಷ್ಟಕ್ಕೂ ತಾಳಮೇಳ ಇಲ್ಲದಿದ್ದಾಗ ಈ ಪದ ತುಂಬಾ ಚೆನ್ನಾಗಿ ಕೂರುತ್ತದೆ. ಲಾರಿಗಟ್ಟಲೆ ಜನ ಬಂದು ಗೋದಾಮು ಲೂಟಿ ಮಾಡಿದರೆ ಅವರನ್ನು ಕಿಡಿಗೇಡಿಗಳು ಅನ್ನಲು ಮನಸ್ಸು ಒಪ್ಪುವುದಿಲ್ಲ. ಅದು ದರೋಡೆ.

ಕೇಡಿಯ ಬಗ್ಗೆ ಸಣ್ಣದೊಂದು ಅಡ್ಡಮಾತು. ಮದ್ರಾಸ್ ಪ್ರಾಂತ್ಯದ ಪೊಲೀಸರ ಕಡತಗಳಲ್ಲಿ "ನೋನ್ ಡೆಪ್ರೆಡೇಟರ್" ಅಂತ ಒಂದು ವರ್ಗವಿತ್ತು. ಮೇಲಿಂದ ಮೇಲೆ ಕಳ್ಳತನದಲ್ಲಿ ಸಿಕ್ಕಿಬೀಳುವವರ ಪಟ್ಟಿ ಅದು. ಚಿಕ್ಕದಾಗಿ ಕೆ.ಡಿ. ಅನ್ನುತ್ತಿದ್ದರು. ಕೇಡಿ ಪದ ಬಂದಿದ್ದೇ ಅಲ್ಲಿಂದ ಅಂತ ಕೆಲವರು ನಂಬಿದ್ದಾರೆ. ಕನ್ನಡದ ಮಟ್ಟಿಗೆ ಇದು ಸುಮ್ನೆ ಕಾಕತಾಳೀಯ. ಕೇಡು, ಕೇಡಿಗ ಪದಗಳು ಬ್ರಿಟಿಷ್ ಪೊಲೀಸರಿಗಿಂತ ಬಹಳ ಹಿಂದಿನವು.

ಹಚ್ಚಿದ್ದಾರೋ, ಹತ್ತಿದೆಯೋ

ಪದದ ನಿಜವಾದ ಮನೆ ಸುದ್ದಿಯ ವಾಕ್ಯ. ಅಲ್ಲಿ ಅದು ಹೇಗೆ ಬದುಕುತ್ತದೆ ಅಂತ ಹತ್ತಿರದಿಂದ ನೋಡೋಣ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ರಾತ್ರಿ ಒಂದು ಹೊಲದಲ್ಲಿ ಹುಲ್ಲಿನ ಬಣವೆ ಸುಟ್ಟುಹೋಗಿದೆ. ಬೆಳಿಗ್ಗೆ ರೈತ ಬಂದು ನೋಡುತ್ತಾನೆ, ನೆರೆಹೊರೆಯವರು ಸೇರುತ್ತಾರೆ. ಸುದ್ದಿ ಬರೆಯುವವನ ಮುಂದೆ ಎರಡು ವಾಕ್ಯಗಳಿವೆ. "ಬಣವೆಗೆ ಬೆಂಕಿ ಹತ್ತಿದೆ." "ಬಣವೆಗೆ ಬೆಂಕಿ ಹಚ್ಚಿದ್ದಾರೆ."

ಕನ್ನಡದ ಜಾಣತನ ಇಲ್ಲಿದೆ. ಹತ್ತು, ಹಚ್ಚು ಎರಡೂ ಅಕ್ಕತಂಗಿ ಕ್ರಿಯಾಪದಗಳು. ಹತ್ತಿದ್ದು ತಾನಾಗಿ ಆದದ್ದು, ಅದಕ್ಕೆ ಮಾಡಿದವರು ಬೇಕಿಲ್ಲ. ಹಚ್ಚಿದ್ದಕ್ಕೆ ಒಂದು ಕೈ ಬೇಕು. ಗಾಜು ಒಡೆದಿದೆ, ಗಾಜು ಒಡೆದಿದ್ದಾರೆ. ಕೊಂಬೆ ಮುರಿದಿದೆ, ಕೊಂಬೆ ಮುರಿದಿದ್ದಾರೆ. ಎರಡನೆಯ ವಾಕ್ಯ ಬರೆದ ಕೂಡಲೇ "ಯಾರು?" ಅನ್ನುವ ಪ್ರಶ್ನೆ ಏಳುತ್ತದೆ. ಆ ಖಾಲಿ ಜಾಗಕ್ಕೆ ಹೆಸರಿಲ್ಲ. ಊರಿನವರು ಯಾರದ್ದೋ ಹೆಸರು ಪಿಸುಗುಟ್ಟಿರಬಹುದು. ಬೇಲಿ ಜಗಳ ಇರಬಹುದು, ನೀರಿನ ಜಗಳ ಇರಬಹುದು. ಅದನ್ನು ಬರೆದರೆ ಮಾನನಷ್ಟದ ಕೇಸು ಗ್ಯಾರಂಟಿ. ಹಾಗಾಗಿ ಜಾಗ ತುಂಬಲು ಕಿಡಿಗೇಡಿಗಳು ಬರುತ್ತಾರೆ.

ಬಂದಾಗ ಬಹುವಚನದಲ್ಲೇ ಬರುತ್ತಾರೆ. ಎಷ್ಟು ಜನ ಅಂತ ಯಾರೂ ಎಣಿಸಿಲ್ಲ. ಬಣವೆಗೆ ಬೆಂಕಿ ಹಚ್ಚಲು ಒಬ್ಬ ಸಾಕು. ಆದರೂ "ಕಿಡಿಗೇಡಿಗಳು". ಇದಕ್ಕೆ ಕಾರಣ ವ್ಯಾಕರಣದಲ್ಲಿದೆ. ಕಿಡಿಗೇಡಿ ಪದಕ್ಕೆ ಲಿಂಗಭೇದವಿಲ್ಲ, ಗಂಡಸಿಗೂ ಹೆಂಗಸಿಗೂ ಒಂದೇ. ಆದರೆ ಏಕವಚನ ಬಳಸಿದರೆ ಕ್ರಿಯಾಪದ ಸಿಕ್ಕಿಹಾಕಿಕೊಳ್ಳುತ್ತದೆ. ಹಚ್ಚಿದ್ದಾನೋ, ಹಚ್ಚಿದ್ದಾಳೋ ಅಂತ ಹೇಳಲೇಬೇಕು. "ಹಚ್ಚಿದ್ದಾರೆ" ಅಂದುಬಿಟ್ಟರೆ ಸಂಖ್ಯೆಯ ಗೊಡವೆಯೂ ಇಲ್ಲ, ಗಂಡು ಹೆಣ್ಣಿನ ಗೊಡವೆಯೂ ಇಲ್ಲ. ಗೌರವ ಕೊಟ್ಟ ಹಾಗೆ ಕಾಣುವುದೊಂದೇ ಕಷ್ಟ. ಆದರೆ ಬೆಂಕಿ ಇಟ್ಟವರಿಗೆ ಬಹುವಚನ ಕೊಟ್ಟರೂ ಯಾರಿಗೂ ಅದು ಗೌರವವಾಗಿ ಕೇಳಿಸುವುದಿಲ್ಲ, ಬಿಡಿ.

ಮೂರು ದಿನ ಬಿಟ್ಟು ಪೊಲೀಸರು ಒಬ್ಬನನ್ನು ಹಿಡಿದರು ಅಂದುಕೊಳ್ಳಿ. ಈಗ ಅವನಿಗೆ ಹೆಸರು ಬಂತು, ವಯಸ್ಸು ಬಂತು, ಊರು ಬಂತು. ಕಿಡಿಗೇಡಿ ಅಲ್ಲಿಗೆ ಮಾಯ. ಅವನೀಗ ಆರೋಪಿ. ಕೋರ್ಟಿನಲ್ಲಿ ಸಾಬೀತಾದರೆ ಅಪರಾಧಿ, ಆಗದಿದ್ದರೆ ನಿರ್ದೋಷಿ. ಕಿಡಿಗೇಡಿ ಪದ ಬದುಕುವುದು ಘಟನೆ ನಡೆದಾಗಿನಿಂದ ಹೆಸರು ಸಿಗುವವರೆಗಿನ ಅವಧಿಯಲ್ಲಿ. ಹೆಸರು ಸಿಗದೇ ಹೋದರೆ ಅವನು ಕೊನೆಯವರೆಗೂ ಕಿಡಿಗೇಡಿಯೇ.

ಇದೇ ಸಾಲಿನಲ್ಲಿ ಬರುವ ಇನ್ನೊಂದು ಪದ ದುಷ್ಕರ್ಮಿ. ಇಬ್ಬರೂ ಅನಾಮಿಕರು, ಇಬ್ಬರೂ ಪರಾರಿ. ಆದರೆ ಪೇಪರ್ ಓದುವ ಅಭ್ಯಾಸ ಇದ್ದವರಿಗೆ ಇವರ ಕೆಲಸ ಬೇರೆ ಬೇರೆ ಅಂತ ಗೊತ್ತು. ಬೈಕಿನಲ್ಲಿ ಬಂದು ಗುಂಡು ಹಾರಿಸಿದವರು ದುಷ್ಕರ್ಮಿಗಳು. ಅಡಿಕೆ ಗಿಡ ಕಡಿದವರು, ಪೈಪ್ ಒಡೆದವರು, ನಾಮಫಲಕಕ್ಕೆ ಮಸಿ ಬಳಿದವರು, ಬಾಂಬ್ ಇದೆ ಅಂತ ಹುಸಿ ಫೋನ್ ಮಾಡಿದವರು ಕಿಡಿಗೇಡಿಗಳು. ಒಟ್ಟಾರೆ ಹೇಳುವುದಾದರೆ ಮೈಮೇಲೆ ಕೈಮಾಡಿದರೆ ದುಷ್ಕರ್ಮಿ, ಆಸ್ತಿ ಮೇಲೆ, ನೆಮ್ಮದಿ ಮೇಲೆ ಕೈಮಾಡಿದರೆ ಕಿಡಿಗೇಡಿ. ಈ ಗೆರೆಯನ್ನು ಯಾರೂ ನಿಯಮ ಮಾಡಿ ಎಳೆದಿಲ್ಲ, ಆಗಾಗ ದಾಟುವುದೂ ಉಂಟು. ಆದರೆ ಕೊಲೆ ಸುದ್ದಿಯಲ್ಲಿ "ಕಿಡಿಗೇಡಿಗಳು" ಅಂತ ಓದಿದರೆ ಸತ್ತವರಿಗೆ ಅವಮಾನ ಮಾಡಿದಂತೆ ಅನಿಸುತ್ತದೆ. ಸಾವಿನ ಮುಂದೆ ಆ ಪದ ಹಗುರ.

ಕಳ್ಳ ಇನ್ನೂ ಬೇರೆ. ಕಳ್ಳನಿಗೆ ಲಾಭ ಬೇಕು. ಟ್ರಾನ್ಸ್‌ಫಾರ್ಮರ್‌ನ ತಾಮ್ರ ಬಿಚ್ಚಿ ಮಾರಿದವನು ಕಳ್ಳ. ಅದೇ ಟ್ರಾನ್ಸ್‌ಫಾರ್ಮರ್‌ಗೆ ಕಲ್ಲು ಹೊಡೆದು ಎಣ್ಣೆ ಸೋರಿಸಿ ಹೋದವನು ಕಿಡಿಗೇಡಿ. ಅವನ ಕೈಗೆ ಏನೂ ಬಂದಿಲ್ಲ, ಊರಿಗೆ ಮಾತ್ರ ಕತ್ತಲೆ. ನಷ್ಟ ಮಾಡುವುದೇ ಉದ್ದೇಶ, ತನಗೆ ಲಾಭ ಇದ್ದರೂ ಇಲ್ಲದಿದ್ದರೂ.

ಈಗ ತೊಂದರೆಯ ವಿಷಯ. ಫೆಬ್ರುವರಿ, ಮಾರ್ಚ್ ಬಂತೆಂದರೆ ಪಶ್ಚಿಮ ಘಟ್ಟದ ಕಾಡು, ಬಂಡೀಪುರ, ನಾಗರಹೊಳೆಯ ಕಡೆ ಬೆಂಕಿಯ ಸುದ್ದಿಗಳು ಶುರು. ತರಗೆಲೆ ಒಣಗಿರುತ್ತದೆ, ಹುಲ್ಲು ಗರಿಗರಿ ಆಗಿರುತ್ತದೆ. ದನಗಳಿಗೆ ಹೊಸ ಚಿಗುರು ಬರಲಿ ಅಂತ ಹಳೆ ಹುಲ್ಲಿಗೆ ಬೆಂಕಿ ಕೊಟ್ಟಿರಬಹುದು. ಹೊಲದ ಕಸ ಸುಡಲು ಹೋಗಿ ಗಾಳಿ ತಿರುಗಿರಬಹುದು. ಆರದ ಬೀಡಿ ತುಂಡು ಯಾರೋ ಎಸೆದಿರಬಹುದು. ವಿದ್ಯುತ್ ತಂತಿ ತಾಗಿ ಕಿಡಿ ಬಿದ್ದಿರಬಹುದು. ಬೇಕಂತಲೇ ಹಚ್ಚಿದವರೂ ಇರಬಹುದು. ಇಷ್ಟು ಸಾಧ್ಯತೆಗಳಲ್ಲಿ ಕೊನೆಯದನ್ನು ಮಾತ್ರ ಕಿಡಿಗೇಡಿತನ ಅನ್ನಲು ಬರುತ್ತದೆ. ಆದರೆ ತನಿಖೆ ಶುರುವಾಗುವ ಮೊದಲೇ ಶೀರ್ಷಿಕೆಯಲ್ಲಿ ಕಿಡಿಗೇಡಿಗಳು ಬಂದು ಕೂತಿರುತ್ತಾರೆ. ಹೆಸರು ಹೇಳದ ಕಾರಣ ಪದ ನಿರಪಾಯ ಅನಿಸುತ್ತದೆ. ಉದ್ದೇಶವನ್ನಂತೂ ಅದು ಆಗಲೇ ತೀರ್ಮಾನಿಸಿ ಆಗಿರುತ್ತದೆ. ಕಾಡಂಚಿನ ಊರಿನವರಿಗೆ ಆ ಪದ ಯಾರ ಕಡೆ ಬೆರಳು ತೋರಿಸುತ್ತಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಪದದ ಅತಿ ಕೆಟ್ಟ ಬಳಕೆ ಇದೇ.

ಕಾನೂನಿನ ಕಣ್ಣಲ್ಲಿ

ಕಾನೂನಿಗೂ ಇಂಥ ಕೆಲಸಕ್ಕೆ ಒಂದು ಹೆಸರು ಬೇಕಲ್ವಾ? ಇಂಗ್ಲಿಷಿನಲ್ಲಿ ಅದನ್ನು ಮಿಸ್‌ಚಿಫ್ ಅನ್ನುತ್ತಾರೆ. ಶಾಲೆಯಲ್ಲಿ ಮಕ್ಕಳ ತುಂಟತನಕ್ಕೆ ಹೇಳುವ ಅದೇ ಪದ, ಕೋರ್ಟಿನಲ್ಲಿ ಮಾತ್ರ ಗಟ್ಟಿ ಅಪರಾಧ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಇದು 425ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 324. ಸಾರಾಂಶ ಇಷ್ಟು: ಬೇರೆಯವರಿಗೋ ಸಾರ್ವಜನಿಕರಿಗೋ ನಷ್ಟ ಮಾಡಬೇಕು ಅಂತಲೇ, ಅಥವಾ ಹೀಗೆ ಮಾಡಿದರೆ ನಷ್ಟ ಆಗುತ್ತದೆ ಅಂತ ಗೊತ್ತಿದ್ದೂ, ಆಸ್ತಿಯನ್ನು ಹಾಳು ಮಾಡುವುದು ಅಥವಾ ಅದರ ಬೆಲೆ, ಉಪಯೋಗ ಕಡಿಮೆಯಾಗುವ ಹಾಗೆ ಮಾಡುವುದು.

ಸೆಕ್ಷನ್ ಕೆಳಗೆ ಕೊಟ್ಟಿರುವ ಉದಾಹರಣೆಗಳು ಓದಲು ಮಜವಾಗಿವೆ. ಒಬ್ಬ ಇನ್ನೊಬ್ಬನ ಉಂಗುರವನ್ನು ಹೊಳೆಗೆ ಎಸೆಯುತ್ತಾನೆ. ಇನ್ನೊಬ್ಬನ ಮಂಜುಗಡ್ಡೆ ಕೂಡಿಡುವ ಮನೆಗೆ ನೀರು ಬಿಟ್ಟು ಮಂಜು ಕರಗಿಸುತ್ತಾನೆ. ಬೆಳೆ ಹಾಳಾಗಲಿ ಅಂತ ಇನ್ನೊಬ್ಬನ ಹೊಲಕ್ಕೆ ದನ ನುಗ್ಗಿಸುತ್ತಾನೆ. ಇಬ್ಬರಿಗೂ ಪಾಲಿರುವ ಕುದುರೆಯನ್ನು, ಜೊತೆಗಾರನಿಗೆ ನಷ್ಟವಾಗಲಿ ಅಂತ ಗುಂಡಿಟ್ಟು ಕೊಲ್ಲುತ್ತಾನೆ. ಕೊನೆಯದರಲ್ಲಿ ಅವನದ್ದೂ ಆಸ್ತಿಯೇ, ಆದರೂ ಅಪರಾಧ. ಮಂಜುಗಡ್ಡೆ ಮನೆ ಈಗ ಯಾರೂ ನೋಡಿಲ್ಲ. ದನ ನುಗ್ಗಿಸುವುದು ಮಾತ್ರ ಇವತ್ತಿಗೂ ಹಳ್ಳಿಯ ಪಂಚಾಯ್ತಿಕಟ್ಟೆಗೆ ಬರುವ ಜಗಳ.

ಶಿಕ್ಷೆ ನಷ್ಟದ ಮೇಲೆ ಏರುತ್ತದೆ. ನ್ಯಾಯ ಸಂಹಿತೆಯ ಪ್ರಕಾರ ಸಾಮಾನ್ಯ ಪ್ರಕರಣಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ತಿಯಾದರೆ 1 ವರ್ಷದವರೆಗೆ. ನಷ್ಟ 20,000 ರೂಪಾಯಿಯಿಂದ 1 ಲಕ್ಷದೊಳಗೆ ಇದ್ದರೆ 2 ವರ್ಷದವರೆಗೆ, 1 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 5 ವರ್ಷದವರೆಗೆ. ಹಳೆ ಸಂಹಿತೆಯಲ್ಲಿ 2 ವರ್ಷದ ಶಿಕ್ಷೆ ಶುರುವಾಗುತ್ತಿದ್ದದ್ದು ಎಷ್ಟು ನಷ್ಟಕ್ಕೆ ಗೊತ್ತಾ? 50 ರೂಪಾಯಿಗೆ! 1860ರಲ್ಲಿ ಅದು ದೊಡ್ಡ ಮೊತ್ತ.

ಬಸ್ಸಿಗೆ ಕಲ್ಲು ಬಿದ್ದರೆ ಇದರ ಜೊತೆಗೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯೂ ಬರುತ್ತದೆ. ಆ ಕಾಯ್ದೆ ಮಿಸ್‌ಚಿಫ್ ಅಂದರೆ ಏನು ಅಂತ ಹೊಸದಾಗಿ ಹೇಳಲು ಹೋಗಿಲ್ಲ, 425ನೇ ಸೆಕ್ಷನ್ ಕಡೆ ಕೈ ತೋರಿಸಿ ಸುಮ್ಮನಾಗಿದೆ. ಬೆಂಕಿ ಹಚ್ಚಿ ಹಾನಿ ಮಾಡಿದರೆ ಅದರಡಿ 10 ವರ್ಷದವರೆಗೆ ಜೈಲು ಆಗಬಹುದು. ಕಿಡಿ ಅನ್ನುವುದಕ್ಕೆ ಕಾನೂನು ಕೊಡುವ ತೂಕ ಅದು.

ಗಮನಿಸಿ, ಕಾನೂನು ಹೇಳುವುದು ಕೃತ್ಯದ ಬಗ್ಗೆ. ನೀನು ಎಂಥವನು ಅಂತ ಅದು ಇಲ್ಲಿ ಕೇಳುವುದಿಲ್ಲ. ಮನುಷ್ಯನ ಮೇಲೇ ಚೀಟಿ ಅಂಟಿಸುವ ಪದಗಳು ಬೇರೆ ಇವೆ: ರೌಡಿ ಮತ್ತು ಗೂಂಡಾ.

ರೌಡಿ ಹುಟ್ಟಿದ್ದು 19ನೇ ಶತಮಾನದ ಆರಂಭದ ಅಮೆರಿಕದಲ್ಲಿ. ಗಡಿನಾಡಿನ ಒರಟು ಜನರನ್ನು ಹಾಗೆ ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಈಗ ಗಲಾಟೆ ಮಾಡುವ ಕ್ಲಾಸ್‌ರೂಮಿಗೂ ರೌಡಿ ಅನ್ನುತ್ತಾರೆ. ನಮ್ಮಲ್ಲಿ ಅದು ಪೊಲೀಸ್ ಠಾಣೆಯ ರಿಜಿಸ್ಟರ್ ಸೇರಿ ಸರ್ಕಾರಿ ಪದವಾಗಿಬಿಟ್ಟಿತು. ರೌಡಿ ಶೀಟ್, ರೌಡಿ ಶೀಟರ್, ರೌಡಿ ಪರೇಡ್. ಶೀಟ್ ತೆರೆಯುವುದು ಪೊಲೀಸರು, ಅದಕ್ಕೆ ಕೋರ್ಟಿನಲ್ಲಿ ಶಿಕ್ಷೆ ಆಗಿರಲೇಬೇಕು ಅಂತಿಲ್ಲ. ಅಂದರೆ ರೌಡಿ ಎಂದರೆ ಗುರುತು ಸಿಕ್ಕವನು, ಫೋಟೋ ಇರುವವನು. ಕಿಡಿಗೇಡಿಗೆ ನೇರ ವಿರುದ್ಧ.

ಹಿಂದಿ, ಮರಾಠಿಯ ದಾರಿಯಲ್ಲಿ ಬಂದ ಗೂಂಡಾ ಒಂದು ಹೆಜ್ಜೆ ಮುಂದೆ ಹೋಗಿ ಕಾಯ್ದೆಯ ಹೆಸರಿನೊಳಗೇ ಸೇರಿಕೊಂಡ. ನಾವು ಚುಟುಕಾಗಿ ಗೂಂಡಾ ಕಾಯ್ದೆ ಅನ್ನುವ 1985ರ ಕರ್ನಾಟಕದ ಕಾಯ್ದೆಯ ಪೂರ್ತಿ ಹೆಸರು ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದ. ಕಳ್ಳಬಟ್ಟಿಯವರು, ಮಾದಕ ವಸ್ತುವಿನವರು, ಜೂಜುಕೋರರು, ಕೊಳೆಗೇರಿ ಜಾಗ ಕಬಳಿಸುವವರು ಎಲ್ಲರೂ ಅದರಲ್ಲಿದ್ದಾರೆ, ಗೂಂಡಾ ಅವರಲ್ಲಿ ಒಬ್ಬ. ಈ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ ಗರಿಷ್ಠ 12 ತಿಂಗಳು ಬಂಧನದಲ್ಲಿ ಇಡಬಹುದು. ಮಾಡಿದ್ದಕ್ಕೆ ಶಿಕ್ಷೆ ಅಂತ ಅಲ್ಲ, ಮುಂದೆ ಮಾಡದಿರಲಿ ಅಂತ. ಬೀದಿಯಲ್ಲಿ ಬೈಗುಳವಾಗಿ ಹಾರಾಡುವ ಪದ ಕಡತದಲ್ಲಿ ಕೂತರೆ ಒಬ್ಬನ ಒಂದು ವರ್ಷವನ್ನೇ ಕಿತ್ತುಕೊಳ್ಳುತ್ತದೆ.

ಪುಂಡನ ಕಥೆ

ಬೈಗುಳಗಳಲ್ಲಿ ನನಗೆ ಅತಿ ಇಷ್ಟ ಪುಂಡ. ಎಲ್ಲೆಲ್ಲಿ ಓಡಾಡಿದ್ದಾನೆ ನೋಡಿ. ಮರಾಠಿಯಲ್ಲೂ ಈ ಪದ ಇದೆ, ಯಾರ ಮಾತಿಗೂ ಬಗ್ಗದ ಸೊಕ್ಕಿನವನು ಅಂತ ಅರ್ಥ. ಇತಿಹಾಸದ ಪುಸ್ತಕಗಳಲ್ಲಿ "ಪುಂಡ ಪಾಳೆಯಗಾರರು" ಬರುತ್ತಾರೆ. ಕಪ್ಪಕಾಣಿಕೆ ಕೊಡದೆ ದೊರೆಗೆ ಸೆಡ್ಡು ಹೊಡೆದವರು. ಪುಂಡರು ಅಂತ ಕರೆದದ್ದು ಕಪ್ಪ ಸಿಗದ ದೊರೆಯ ಕಡೆಯವರು ಅನ್ನೋದು ಬೇರೆ ಹೇಳಬೇಕಿಲ್ಲ.

ಕರಾವಳಿಗೆ ಹೋದರೆ ಅದೇ ಪುಂಡ ಹೀರೋ. ಯಕ್ಷಗಾನದಲ್ಲಿ ಪುಂಡುವೇಷ ಅಂತ ಒಂದು ವರ್ಗವೇ ಇದೆ. ಅಭಿಮನ್ಯು, ಬಭ್ರುವಾಹನನಂಥ ಎಳೆ ವೀರರ ಪಾತ್ರಗಳು ಇವು. ಚುರುಕಾದ ಹೆಜ್ಜೆ ಬೇಕು, ಉಸಿರು ಬೇಕು, ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಾದರೆ ಗಿರಗಿರ ಸುತ್ತಿ ಹಾರುವ ಧೀಂಗಿಣ ಹೊಡೆಯುವ ತಾಕತ್ತು ಬೇಕು. ಒಳ್ಳೆಯ ಪುಂಡುವೇಷಧಾರಿ ಅನ್ನಿಸಿಕೊಳ್ಳುವುದು ಕಲಾವಿದನಿಗೆ ಹೆಮ್ಮೆ. ದೊಡ್ಡವರ ಮಾತು ಮೀರಿ ನುಗ್ಗುವ ಸ್ವಭಾವ ಅದೇ, ಚಕ್ರವ್ಯೂಹದ ಬಾಗಿಲಲ್ಲಿ ನಿಂತಾಗ ಮಾತ್ರ ಅದು ಶೌರ್ಯ.

ಹಾಸನ, ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಬಂದರೆ ಪುಂಡಾನೆ ಸಿಗುತ್ತದೆ. ಬೇಲಿ ಮುರಿದು, ಬಾಳೆ ತಿಂದು, ಜನರನ್ನು ಅಟ್ಟಿಸಿಕೊಂಡು ಬರುವ ಒಂಟಿ ಸಲಗ. ಆನೆಯನ್ನು ಯಾರೂ ಕಿಡಿಗೇಡಿ ಅನ್ನುವುದಿಲ್ಲ. ಕಿಡಿಗೇಡಿತನಕ್ಕೆ ಕೆಟ್ಟ ಬುದ್ಧಿ ಬೇಕು, ಪುಂಡಾಟಕ್ಕೆ ಬರೀ ಮದ ಸಾಕು. ಇನ್ನೊಂದು ತಮಾಷೆ. 2020ರಿಂದ ಮೈಸೂರು ದಸರೆಯ ಅಂಬಾರಿ ಹೊತ್ತ ಆನೆಯ ಹೆಸರು ಅಭಿಮನ್ಯು, ಕಾಡಾನೆ ಹಿಡಿಯುವುದರಲ್ಲಿ ಅವನದ್ದು ಎತ್ತಿದ ಕೈ. ರಂಗಸ್ಥಳದಲ್ಲಿ ಅಭಿಮನ್ಯು ಪುಂಡುವೇಷ, ಕಾಡಿನಲ್ಲಿ ಅಭಿಮನ್ಯು ಪುಂಡರನ್ನು ಹಿಡಿಯುವವನು.

ಉಳಿದವರನ್ನು ಬೇಗ ನೋಡಿಬಿಡೋಣ. ತುಂಟ ಮುದ್ದಿನ ಪದ, ಬೆಣ್ಣೆ ಕದ್ದ ಕೃಷ್ಣನಿಂದ ಹಿಡಿದು ಮನೆಯ ಮಗುವಿನ ತನಕ. ತರಲೆ ಮಾಡುವವನ ಮೇಲೆ ಸಿಟ್ಟು ಬಂದರೂ ನಗು ತಡೆಯಲಾಗುವುದಿಲ್ಲ, ಕಿತಾಪತಿಯೂ ಹಾಗೇ. ಪೋಲಿಯ ಗಮನವೆಲ್ಲ ಹೋಗುವ ಬರುವ ಹುಡುಗಿಯರ ಮೇಲೆ, ಹಾಗಾಗಿ ಆ ಪದ ಹಗುರ ಅಂತ ಕಂಡರೂ ಅನುಭವಿಸುವವರಿಗೆ ಹಗುರ ಅಲ್ಲ. ಕಿಲಾಡಿ ಹಿಂದಿಯಲ್ಲಿ ಬರೀ ಆಟಗಾರ, ನಮ್ಮಲ್ಲಿ ಒಳಗೊಳಗೇ ಆಟ ಆಡುವವನು. ಪುಡಾರಿ ಮರಾಠಿಯಲ್ಲಿ ಮುಂದಾಳು, ಕನ್ನಡಕ್ಕೆ ಬರುವಷ್ಟರಲ್ಲಿ ಬಿಳಿ ಅಂಗಿ ತೊಟ್ಟ ಚಿಲ್ಲರೆ ರಾಜಕಾರಣಿ. ತಂಟೆಕೋರನ "ಕೋರ" ಪಾರ್ಸಿಯ ಖೋರ್, ತಿನ್ನುವವನು ಅಂತ. ಲಂಚಕೋರ ಲಂಚ ತಿನ್ನುತ್ತಾನೆ, ಸರಿ. ತಂಟೆಕೋರ, ಜೂಜುಕೋರ, ದರೋಡೆಕೋರ ಏನು ತಿನ್ನುತ್ತಾರೆ ಅಂತ ಕೇಳಬೇಡಿ. ಪ್ರತ್ಯಯ ಒಮ್ಮೆ ನಾಲಿಗೆಗೆ ಹತ್ತಿತೆಂದರೆ ಅರ್ಥ ಕೇಳುವವರಿಲ್ಲ.

ಮನೆಯಲ್ಲಿ ಕಿಡಿಗೇಡಿ ಬೇರೆಯದೇ ಥರ ಕೇಳಿಸುತ್ತದೆ. "ಏ ಕಿಡಿಗೇಡಿ, ಏನ್ ಮಾಡ್ದೆ ಅಲ್ಲಿ?" ಅಂತ ಅಜ್ಜಿ ಮೊಮ್ಮಗನನ್ನು ಗದರಿದರೆ ಅಲ್ಲಿ ಅನಾಮಿಕ ಯಾರೂ ಇಲ್ಲ, ಕಳ್ಳ ಎದುರಿಗೇ ನಿಂತಿದ್ದಾನೆ. ಇದು ಪದದ ಬಾಯಿಮಾತಿನ ಜೀವನ. ಗಮನಿಸಬೇಕಾದ್ದು, ಅಜ್ಜಿಯೂ ಅದನ್ನು ಸುಮ್ಮಸುಮ್ಮನೆ ಹೇಳುವುದಿಲ್ಲ. ಓಡಾಡಿ ಗಲಾಟೆ ಮಾಡಿದರೆ ತುಂಟ. ಇಬ್ಬರ ನಡುವೆ ಜಗಳ ಹಚ್ಚಿಟ್ಟು ಮೂಲೆಯಲ್ಲಿ ನಿಂತು ನೋಡಿದರೆ ಕಿಡಿಗೇಡಿ.

ಯಾರು ಯಾರನ್ನು ಕರೆದರು

ಪ್ರತಿಭಟನೆ ನಡೆದು ಕಲ್ಲು ಬಿದ್ದ ದಿನ ಈ ಪದಕ್ಕೆ ಎರಡೂ ಕಡೆಯಿಂದ ಬೇಡಿಕೆ. "ಕಿಡಿಗೇಡಿಗಳ ವಿರುದ್ಧ ಕಠಿಣ ಕ್ರಮ" ಅಂತ ಸರ್ಕಾರ ಹೇಳುತ್ತದೆ. "ಕಲ್ಲು ಹೊಡೆದವರು ನಮ್ಮವರಲ್ಲ, ಕಿಡಿಗೇಡಿಗಳು ನುಸುಳಿದ್ದಾರೆ" ಅಂತ ಸಂಘಟಕರು ಹೇಳುತ್ತಾರೆ. ಪದ ಒಂದೇ, ಕೆಲಸ ಎರಡು. ಸರ್ಕಾರಕ್ಕೆ ಇಡೀ ಹೋರಾಟದ ಮೇಲೆ ಮಸಿ ಬಳಿಯಲು ಬೇಕು, ಸಂಘಟಕರಿಗೆ ಹೋರಾಟದಿಂದ ಆ ಮಸಿ ಒರೆಸಲು ಬೇಕು. "ಕೆಲವು ಕಿಡಿಗೇಡಿಗಳು" ಅಂದರೆ ಉಳಿದವರು ಒಳ್ಳೆಯವರು ಅಂತಾಯಿತು. "ಕೆಲವು" ಬಿಟ್ಟುಹೋದರೆ ಎಲ್ಲರೂ ಅದರೊಳಗೆ. ಇಂಥ ಹೇಳಿಕೆ ಓದುವಾಗ ಆ ಒಂದು ಪದ ಇದೆಯಾ ಅಂತ ನೋಡಿ, ಬಹಳಷ್ಟು ಗೊತ್ತಾಗುತ್ತದೆ.

ಹೆಸರು ಇಡುವವರು ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನೆಲದ ಒಳ್ಳೆಯ ಉದಾಹರಣೆ 1837ರದ್ದು. 1834ರಲ್ಲಿ ಕೊಡಗು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಅಮರ ಸುಳ್ಯ ಕಡೆಯ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕೊಡಬೇಕು ಎಂದಾಯಿತು. ರೈತರು ಎದ್ದರು. 1837ರ ಏಪ್ರಿಲ್ ಮೊದಲ ವಾರ ಮಂಗಳೂರಿಗೇ ನುಗ್ಗಿ, ಸುಮಾರು ಎರಡು ವಾರ ಪಟ್ಟಣವನ್ನು ಕೈಯಲ್ಲಿಟ್ಟುಕೊಂಡರು. ಕಂಪನಿ ಸೈನ್ಯ ಬಂದು ಅಡಗಿಸಿತು, ಮುಖಂಡರನ್ನು ಗಲ್ಲಿಗೇರಿಸಿತು. ಜನರ ಬಾಯಲ್ಲಿ ಇದು ಉಳಿದದ್ದು, ಮುಂದಾಳುವಿನ ಹೆಸರು ಸೇರಿ, "ಕಲ್ಯಾಣಪ್ಪನ ಕಾಟಕಾಯಿ" ಅಂತ. ಕಾಟಕಾಯಿ ಅಂದರೆ ಲೂಟಿ, ದೊಂಬಿ. ಎದ್ದವರು ಬರೀ ಪುಂಡರು ಅನ್ನುವ ಧ್ವನಿ ಆ ಹೆಸರಿನಲ್ಲೇ ಇದೆ. ಈಗ ಅದನ್ನೇ ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ ಅನ್ನುತ್ತೇವೆ. ಮುಖಂಡರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿದೆ. ಘಟನೆಯ ಒಂದು ದಿನಾಂಕವೂ ಬದಲಾಗಿಲ್ಲ, ಹೆಸರು ಪೂರ್ತಿ ಬದಲಾಗಿದೆ.

ಹಾಗಂತ ಎಲ್ಲ ಕಿಡಿಗೇಡಿಗಳೂ ನಾಳೆಯ ವೀರರು ಅಂತ ಅಲ್ಲ. ಪಕ್ಕದವನ ಅಡಿಕೆ ಗಿಡ ಕಡಿದವನಿಗೆ ಯಾವ ಕಾಲದಲ್ಲೂ ಯಾರೂ ಪ್ರತಿಮೆ ನಿಲ್ಲಿಸುವುದಿಲ್ಲ.

ಬರೆಯುವವರಿಗೆ ನಾಲ್ಕು ಮಾತು. "ಕಿಡಗೇಡಿ", "ಕಿಡಿಗೆಡಿ" ಎರಡೂ ತಪ್ಪು, ಗೇ ದೀರ್ಘ. ಬಹುವಚನ ಕಿಡಿಗೇಡಿಗಳು, ಗುಣ ಹೇಳುವಾಗ ಕಿಡಿಗೇಡಿತನ, ಘಟನೆ ಹೇಳುವಾಗ ಕಿಡಿಗೇಡಿ ಕೃತ್ಯ. "ಅಪರಿಚಿತ ಕಿಡಿಗೇಡಿಗಳು" ಅಂತ ಬರೆಯುವ ಚಟ ಇದೆ, ಪರಿಚಿತ ಕಿಡಿಗೇಡಿ ಸುದ್ದಿಯಲ್ಲಿ ಬರುವುದೇ ಇಲ್ಲವಲ್ಲ, ಮೊದಲ ಪದ ತೆಗೆದರೂ ನಡೆಯುತ್ತದೆ. "ಕಿಡಿಗೇಡಿಯ ಬಂಧನ" ಅಂತ ಶೀರ್ಷಿಕೆ ಕೊಟ್ಟರೆ ಕೋರ್ಟಿಗಿಂತ ಮೊದಲೇ ತೀರ್ಪು ಕೊಟ್ಟಂತೆ, ಅಲ್ಲಿ ಆರೋಪಿ ಅನ್ನಿ. ಕಾರಣ ಇನ್ನೂ ತಿಳಿಯದ ಬೆಂಕಿಗೆ "ಬೆಂಕಿ ಬಿದ್ದಿದೆ" ಅಂತ ಬರೆದು, ಹಚ್ಚಿದ್ದು ಖಚಿತವಾದ ಮೇಲೆ ಮರುದಿನದ ಸುದ್ದಿಯಲ್ಲಿ ಕಿಡಿಗೇಡಿಗಳನ್ನು ಕರೆತಂದರೆ ಸಾಕು.